ಉಪ್ಪಿನ ಗದ್ದೆ, ಉಪ್ಪಿಟ್ಟಿನ ತಟ್ಟೆ

ಈ ಕತೆಯಲ್ಲಿ ಬರುವ ಸಫಾರಿ ಸೂಟು ಇಂದಿಗೂ ದೋಹಾದ ನಜ್ಮಾದಲ್ಲಿ, ಒಂದು ಹಳೇ ಬಿಲ್ಡಿಂಗಿನ ಮೂರನೇ ಮಹಡಿಯ ಬೀರುವಿನಲ್ಲಿ, ಬೆನ್ನಿನ ಹೊಲಿಗೆ ಬಿಟ್ಟ ಸ್ಥಿತಿಯಲ್ಲಿ ನೇತಾಡುತ್ತಿದೆ. ನಂಬದವರು ಹೋಗಿ ನೋಡಿಕೊಂಡು ಬರಬಹುದು; ಟಿಕೆಟ್ಟು ಅವರದೇ. ಇಷ್ಟು ಗಟ್ಟಿ ಸಾಕ್ಷಿ ಇರುವ ಮೇಲೆ ಇದು ಕಟ್ಟುಕತೆಯಾಗುವುದಾದರೂ ಹೇಗೆ?

ಮುನಿಯಪ್ಪನ ಸಂಸಾರದ ಮೇಲೆ ಬಿರುಗಾಳಿ ಎದ್ದದ್ದು ಕೊರಿಯಾದ ದಿಕ್ಕಿನಿಂದ. ಮಗಳು ಸ್ಪಂದನಾ ಓದಲು ಊರಿಗೆ ಹೊರಟಾಗ, ಅಮ್ಮ ಕಾಂತಾಮಣಿಗೆ ಬೇಸರವಾಗದಿರಲಿ ಎಂದು ಟಿವಿಯಲ್ಲೊಂದು ಕೊರಿಯನ್ ಧಾರಾವಾಹಿ ಹಚ್ಚಿಕೊಟ್ಟಿದ್ದಳು. ಸಮುದ್ರದ ಪಕ್ಕ ಉಪ್ಪಿನ ಗದ್ದೆ ಮಾಡಿಕೊಂಡಿರುವ ಗಂಡ ಹೆಂಡತಿಯ ಕತೆ. ಮದುವೆಯಾದ ದಿನದಿಂದ ಮೊಮ್ಮಕ್ಕಳಾಗುವವರೆಗೂ ಆ ಇಬ್ಬರೂ ಅದೇ ಗದ್ದೆಯಲ್ಲಿ ಉಪ್ಪು ಕೆರೆಯುತ್ತಾರೆ, ಜಗಳವಾಡುತ್ತಾರೆ, ಒಂದೇ ಬಟ್ಟಲಿನಲ್ಲಿ ಉಣ್ಣುತ್ತಾರೆ. ಆ ಹೆಸರುಗಳು ನಾಲಿಗೆಗೆ ಹತ್ತದ ಕಾಂತಾಮಣಿ ಅವರಿಗೆ ಉಪ್ಪಜ್ಜ, ಉಪ್ಪಜ್ಜಿ ಎಂದು ನಾಮಕರಣ ಮಾಡಿದಳು. ವಾರ ಕಳೆಯುವುದರೊಳಗೆ ಎದುರು ಮನೆಯ ಮಾಜಿದಾ ಕೂಡ ಬಂದು ಸೋಫಾದಲ್ಲಿ ಠಿಕಾಣಿ ಹೂಡಿದಳು. ಇಬ್ಬರ ನಡುವೆ ಒಂದು ಟಿಶ್ಯೂ ಡಬ್ಬ ಕೂರುತ್ತಿತ್ತು. ಮುನಿಯಪ್ಪನಿಗೆ ಜಾಗ ಇರುತ್ತಿರಲಿಲ್ಲ.

ಕೊನೆಯದಕ್ಕೆ ಹಿಂದಿನ ಎಪಿಸೋಡಿನಲ್ಲಿ ಉಪ್ಪಜ್ಜಿ ಗದ್ದೆಯ ಬದುವಿನ ಮೇಲೆ ಕೂತು ಕೇಳಿದಳು: "ನನ್ನನ್ನು ಮೊದಲು ನೋಡಿದ ದಿನ ನಾನೇನು ತೊಟ್ಟಿದ್ದೆ?" ಉಪ್ಪಜ್ಜ ಕೈಯಲ್ಲಿದ್ದ ಉಪ್ಪು ಕೆರೆಯುವ ಹಲಗೆ ಕೂಡ ಕೆಳಗಿಡದೆ ಹೇಳಿದ: "ಹಳದಿ. ಎಡ ತೋಳಿನಲ್ಲಿ ಒಂದು ಹೊಲಿಗೆ ಬಿಟ್ಟಿತ್ತು."

ಟಿಶ್ಯೂ ಡಬ್ಬ ಖಾಲಿಯಾಯಿತು. ಬಿಲ್ಡಿಂಗಿನ ಗಂಡಸರ ಗ್ರಹಚಾರ ಶುರುವಾಯಿತು.

ಮರುದಿನ ಶುಕ್ರವಾರ. ಮುನಿಯಪ್ಪನಿಗೆ ವೆಸ್ಟ್ ಬೇ ಆಫೀಸಿನ ರಜೆ. ಬನಿಯನ್ನಿನಲ್ಲಿ ಹಾಯಾಗಿ ಕೂತು ದೋಸೆಗೆ ಕಾಯುತ್ತಿದ್ದವನ ಮುಂದೆ ಕಾಂತಾಮಣಿ ಬರೀ ಕೈಯಲ್ಲಿ ಬಂದು ನಿಂತಳು.

"ಏನ್ರೀ, ನೀವು ನನ್ನ ನೋಡಕ್ಕೆ ಬಂದ ದಿನ ನಾನು ಏನು ಉಟ್ಟಿದ್ದೆ?"

"ಸೀರೆ," ಎಂದ ಮುನಿಯಪ್ಪ ಭರವಸೆಯಿಂದ.

"ಯಾವ ಬಣ್ಣ?"

"ಒಳ್ಳೇ ಬಣ್ಣ."

ಕಾಂತಾಮಣಿ ಕೂಗಾಡಿದ್ದರೆ ಅವನು ಹೆದರುತ್ತಿರಲಿಲ್ಲ. ಅವಳು ಮೆಲ್ಲಗೆ ಕೇಳಿದಳು: "ಇಪ್ಪತ್ತಾರು ವರ್ಷ ಆಯ್ತು. ನೀವು ನನ್ನ ಯಾವತ್ತಾದ್ರೂ ನೋಡಿದ್ದೀರಾ?"

ಮುನಿಯಪ್ಪ ಬನಿಯನ್ನಿನ ಮೇಲೆ ಟವೆಲ್ಲು ಹೊದ್ದುಕೊಂಡ.

"ಸಾಯಂಕಾಲ ಕೊನೇ ಎಪಿಸೋಡು. ಮಾಜಿದಾ, ಇಸ್ಮಾಯಿಲ್ ಭಾಯ್ ಎಲ್ಲಾ ಬರ್ತಾರೆ. ಅಷ್ಟರೊಳಗೆ ನೆನಪು ಮಾಡ್ಕೊಳ್ಳಿ. ನೆನಪಾಗೋ ತನಕ ಈ ಮನೇಲಿ ಮೂರು ಹೊತ್ತೂ ಉಪ್ಪಿಟ್ಟೇ. ಅವತ್ತು ತಟ್ಟೇಲಿ ಇದ್ದಿದ್ದೂ ಅದೇ ತಾನೆ? ತಿಂತಾ ತಿಂತಾ ನೆನಪಾಗ್ಲಿ."

ಉಪ್ಪಿಟ್ಟು ಬಂದೇ ಬಿಟ್ಟಿತು. ಅದರ ಆವಿ ಮೂಗಿಗೆ ಬಡಿದಾಗ ಮುನಿಯಪ್ಪ ನಿಜಕ್ಕೂ ಶಿಡ್ಲಘಟ್ಟದ ಹೆಣ್ಣಿನ ಮನೆಗೆ ಹೋಗಿ ಕೂತ. ಪಕ್ಕದ ಕೋಣೆಯಲ್ಲಿ ರೇಷ್ಮೆ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು, ಹೆಂಚಿನ ಮೇಲೆ ಜಡಿಮಳೆ ಬಿದ್ದ ಹಾಗೆ. ಗೋಡೆಗೆ ಒರಗಿಸಿದ್ದ, ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು. ನೀಲಿ ಹೂವಿನ ಅಂಚಿನ ತಟ್ಟೆ. ಎಲ್ಲಾ ನೆನಪಿತ್ತು, ಹುಡುಗಿಯೊಬ್ಬಳನ್ನು ಬಿಟ್ಟು. ಬಸ್ಸು ಇಳಿಯುವಾಗಲೇ ಅಪ್ಪ ಕಿವಿಯಲ್ಲಿ ಹೇಳಿದ್ದರು: "ಹುಡುಗೀನ ಗುರಾಯಿಸಬೇಡ. ಒಳಗಿಂದ ಹೆಂಗಸರು ನೋಡ್ತಿರ್ತಾರೆ." ಅಪ್ಪನ ಮಾತು ಮೀರದ ಮಗ ತಟ್ಟೆಯನ್ನೇ ಗುರಾಯಿಸಿದ್ದ. ಹೆಣ್ಣು ನೋಡಲು ಹೋಗಿ ಉಪ್ಪಿಟ್ಟು ನೋಡಿ ಬಂದಿದ್ದ.

ಸಲಹೆಗೆಂದು ಎದುರು ಮನೆ ಬಾಗಿಲು ತಟ್ಟಿದ. ಮಾಜಿದಾಳ ಗಂಡ ಇಸ್ಮಾಯಿಲ್, ಉಪ್ಪಿನಂಗಡಿ ಕಡೆಯವರು, ಕತಾರಿಗೆ ಬಂದು ಹಳಬರಾದ ವ್ಯಾಪಾರಸ್ಥರು. ಜುಮ್ಮಾ ನಮಾಜಿಗೆ ಹೊರಡಲು ಅತ್ತರು ಹಚ್ಚುತ್ತಿದ್ದರು.

"ನನ್ನನ್ನೂ ಕೇಳಿದ್ಳು ಮಾರಾಯ್ರೆ," ಎಂದು ನಕ್ಕರು. "ನಾನು ಬಚಾವ್. ನಾನು ಇಲ್ಲಿದ್ದೆ, ಅವಳು ಅಲ್ಲಿ. ಉಮ್ಮ ಲಕೋಟೆಯಲ್ಲಿ ಫೋಟೋ ಕಳಿಸಿದ್ದು. ಬ್ಲ್ಯಾಕ್ ಅಂಡ್ ವೈಟ್. ಬಣ್ಣ ಎಲ್ಲಿಂದ ತರುವುದು? ಒಂದು ರೂಮಲ್ಲಿ ಎಂಟು ಜನ ಇದ್ದೆವು. ಉಳಿದ ಏಳೂ ಜನ ಫೋಟೋ ನೋಡಿ ಪಾಸ್ ಮಾಡಿದ ಮೇಲೆ ನನ್ನ ಕೈಗೆ ಬಂತು." ಅವರ ಕಣ್ಣು ಒಂದು ಗಳಿಗೆ ಆ ರೂಮಿಗೆ ಹೋಗಿ ಬಂತು.

ಒಳಗಿನಿಂದ ರಮೀಝ್ ಇಣುಕಿದ. ಮಾಜಿದಾಳ ತಮ್ಮ. ಲುಸೈಲ್‌ನಲ್ಲಿ ಕೆಲಸ, ಬಾಯಲ್ಲಿ ಮಿಮಿಕ್ರಿ. ಲಿಫ್ಟಿನ ಹೆಂಗಸಿನ ದನಿಯಿಂದ ಹಿಡಿದು ಭಾವನ ಗೊರಕೆಯವರೆಗೆ ಅವನಿಗೆ ಬಾರದ ಸ್ವರವಿಲ್ಲ.

"ಅವತ್ತು ಅಲ್ಲಿ ಇದ್ದವರನ್ನು ಕೇಳಿ ಮುನಿಯಪ್ಪಣ್ಣ. ಮಾವ ಒಬ್ರು ಇದ್ದಾರಲ್ಲ, ಹೋದ ವರ್ಷ ವಿಸಿಟಿಗೆ ಬಂದವರು? ಕೆಮ್ಮುವವರು?"

ಕಾಂತಾಮಣಿಯ ಸೋದರಮಾವ ಅಪ್ಪಯ್ಯ! ಸಂಬಂಧ ಕುದುರಿಸಿದವರೇ ಅವರು. ಅವರ ಮಾತು ಕೆಮ್ಮಿನಿಂದ ಶುರುವಾಗಿ "ಆಮೇಲೇನಪ್ಪಾ" ಎಂದು ಮುಗಿಯುತ್ತಿತ್ತು. ಮುನಿಯಪ್ಪ ಅಲ್ಲೇ ನಿಂತು ಫೋನು ಮಾಡಿದ. ರಿಂಗಾಯಿತು, ಎತ್ತಲಿಲ್ಲ.

"ವಾಪಸ್ ಮಾಡ್ತಾರೆ ಬಿಡಿ," ಎಂದ ರಮೀಝ್. ಅವನ ಮುಖ ಹಾಲು ಕುಡಿದ ಬೆಕ್ಕಿನದಾಗಿತ್ತು.

ಮುನಿಯಪ್ಪ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

"ಖ್ಖೊ ಖ್ಖೊ! ಅಳಿಯಂದ್ರೇ, ನಾನು ಅಪ್ಪಯ್ಯ. ಇದು ಪಕ್ಕದ ಮನೆಯವರ ಫೋನು. ಏನ್ ಸಮಾಚಾರ, ಆಮೇಲೇನಪ್ಪಾ?"

ಮುನಿಯಪ್ಪ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡು ದುಃಖ ತೋಡಿಕೊಂಡ.

"ಅಯ್ಯೋ, ಅಷ್ಟೇನಾ? ಗಿಳಿಹಸಿರು ರೇಷ್ಮೆ ಸೀರೆ, ಕೆಂಪು ಅಂಚು. ಮುಡಿ ತುಂಬ ಕನಕಾಂಬರ. ನೀವು ಸಫಾರಿ ಸೂಟಲ್ಲಿ ರಾಜನ ಥರ ಕೂತಿದ್ರಿ."

"ಸಫಾರೀನಾ? ನಂದು ಸಫಾರಿ ಇರ್ಲಿಲ್ವಲ್ಲ ಮಾವ?"

"ಖ್ಖೊ! ನಾನೇ ಕೊಟ್ಟಿದ್ದೆ, ಅದನ್ನೂ ಮರೆತ್ರಾ? ಬರೀ ಬಾಯಲ್ಲಿ ಹೇಳಿದ್ರೆ ನಮ್ಮ ಹುಡುಗಿ ಒಪ್ಪಲ್ಲ. ಅದೇ ವೇಷ ಹಾಕ್ಕೊಂಡು, ಕನಕಾಂಬರ ಹಿಡ್ಕೊಂಡು ಎದುರಿಗೆ ನಿಂತ್ಕೊಳ್ಳಿ. ಆಮೇಲೇನಪ್ಪಾ!"

ಕನಕಾಂಬರ! ಆಗಸ್ಟಿನ ದೋಹಾದಲ್ಲಿ! ಹೊರಗೆ ಕಾಲಿಟ್ಟರೆ ಯಾರೋ ಮುಖದ ಮುಂದೆ ತಂದೂರಿ ಒಲೆಯ ಬಾಗಿಲು ತೆಗೆದ ಹಾಗಿತ್ತು. ನಮಾಜಿನ ಹೊತ್ತಾದ್ದರಿಂದ ಅಂಗಡಿಗಳೆಲ್ಲ ಷಟರ್ ಎಳೆದಿದ್ದವು. ಮುನಿಯಪ್ಪ ಒಂದು ಕಂಬದಷ್ಟೇ ಅಗಲದ ನೆರಳಿನಲ್ಲಿ ಅಡ್ಡಕ್ಕೆ ತಿರುಗಿ ನಿಂತು, ಬೆವರಿನಲ್ಲಿ ಅರ್ಧ ಕರಗಿದ. ಹೂವಿನಂಗಡಿಯ ಮಲಯಾಳಿ ಷಟರ್ ಎತ್ತಿದಾಗ, ಕನಕಾಂಬರ ಎಂದರೆ ಏನೆಂದು ತಿಳಿಸಲು ರಸ್ತೆ ಕೆಲಸದವರು ಇಟ್ಟಿದ್ದ ಕಿತ್ತಳೆ ಬಣ್ಣದ ಕೋನನ್ನು ತೋರಿಸಿದ.

"ಅದು ಪೋಲೀಸಿಂದೆ ಅಲ್ಲೇ ಸಾರ್?" ಎಂದು, ಪೊಲೀಸರ ಕೋನನ್ನೇ ಕೇಳುತ್ತಿದ್ದಾನೆಂದುಕೊಂಡು ಅವನು ಗಾಬರಿಯಾದ. ಕೊನೆಗೆ ಮದುವೆ ಕಾರಿಗೆ ಕಟ್ಟುವ ಪ್ಲಾಸ್ಟಿಕ್ ಹಾರವೊಂದು ಸಿಕ್ಕಿತು. ಬಣ್ಣವೇನೋ ಕನಕಾಂಬರದ್ದೇ. ಉದ್ದ ಮಾತ್ರ ಕಾರಿನದು.

ಸಫಾರಿ ಸೂಟು ಇಸ್ಮಾಯಿಲರ ಪೆಟ್ಟಿಗೆಯಲ್ಲಿ ಸಿಕ್ಕಿತು. "ಇದು ಹಾಕ್ಕೊಂಡೇ ನಾನು ಈ ಊರಲ್ಲಿ ಇಳಿದದ್ದು," ಎಂದು ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟರು. "ಜಾಗ್ರತೆ ಮಾರಾಯ್ರೆ. ಆಗ ನಾನು ಬಡಕಲ." ಗುಂಡಿ ಹಾಕಿಕೊಳ್ಳಲು ಮುನಿಯಪ್ಪ ಉಸಿರು ಒಳಗೆಳೆದುಕೊಂಡ. ಮತ್ತೆ ಬಿಡುವ ಧೈರ್ಯ ಮಾಡಲಿಲ್ಲ.

ಸಂಜೆ ಹಾಲಿನಲ್ಲಿ ಎಲ್ಲರೂ ಸೇರಿದ್ದರು. ಸಮೋಸ, ಕರಕ್ ಚಹಾ, ಹೊಸ ಟಿಶ್ಯೂ ಡಬ್ಬ. ಟಿವಿಯಲ್ಲಿ ಉಪ್ಪಜ್ಜ ಉಪ್ಪಜ್ಜಿ ಕೈ ಕೈ ಹಿಡಿದು ಪಾಝ್ ಆಗಿ ನಿಂತಿದ್ದರು. ಕೋಣೆಯ ಬಾಗಿಲು ತೆರೆಯಿತು. ಬಿಗಿದು ಕಟ್ಟಿದ ಹಾಸಿಗೆಯ ಸುರುಳಿಯಂತೆ ಮುನಿಯಪ್ಪ ಹೊರಬಂದ. ಹಾರ ಅವನ ಹಿಂದೆ ನೆಲ ಗುಡಿಸುತ್ತಾ ಬಂತು.

"ಕಾಂತಾ," ಎಂದ, ಉಳಿದಿದ್ದ ಅಷ್ಟಿಷ್ಟು ಉಸಿರಿನಲ್ಲಿ. "ಗಿಳಿಹಸಿರು ರೇಷ್ಮೆ ಸೀರೆ. ಕೆಂಪು ಅಂಚು. ಮುಡೀಲಿ ಕನಕಾಂಬರ. ನಾನು ಇದೇ ಸಫಾರಿ."

ಕಾಂತಾಮಣಿ ಹುಬ್ಬು ಗಂಟಿಕ್ಕಿದಳು. "ಗಿಳಿಹಸಿರಾ..." ಎಂದು ಏನೋ ಯೋಚಿಸುತ್ತಿರುವಾಗ ಸೋಫಾದ ಮೂಲೆಯಿಂದ ಸದ್ದು ಬಂತು.

"ಖ್ಖೊ ಖ್ಖೊ! ಭೇಷ್ ಅಳಿಯಂದ್ರೇ! ಆಮೇಲೇನಪ್ಪಾ?"

ರಮೀಝ್! ಮಾಜಿದಾ ದಿಂಬಿನಲ್ಲಿ ಮುಖ ಮುಚ್ಚಿಕೊಂಡಳು. ಇಸ್ಮಾಯಿಲರ ಮೂಗಿನಿಂದ ಕರಕ್ ಬಂತು. ಮುನಿಯಪ್ಪನ ಮುಖ ಹಾರದ ಬಣ್ಣಕ್ಕೆ ತಿರುಗುತ್ತಿರುವಾಗಲೇ ಫೋನು ಬಡಿದುಕೊಂಡಿತು. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿದ.

"ಖ್ಖೊ ಖ್ಖೊ! ಅಳಿಯಂದ್ರೇ..."

"ಥೂ, ಮುಚ್ಚೋ ಬಾಯಿ! ನಿನ್ನ ಕೆಮ್ಮಿಗಿಷ್ಟು ಬೆಂಕಿ ಹಾಕ! ಮುದುಕ ಗೂಬೆ ಥರ ಕೂಗಿ ಮತ್ತೆ ಆಟ ಆಡಿಸ್ತೀಯಾ? ಖಲಾಸ್!"

ಮುನಿಯಪ್ಪ ಕೂಗಿ ಮುಗಿಸಿ ತಿರುಗಿದರೆ ರಮೀಝ್ ಬಾಯಿ ತುಂಬ ಸಮೋಸ ತುಂಬಿಕೊಂಡು, ಎರಡೂ ಕೈ ಮೇಲೆತ್ತಿ ಕೂತಿದ್ದ. ಅವನ ಫೋನು ಟೀಪಾಯಿಯ ಮೇಲೆ ಮಲಗಿತ್ತು.

"ಮುದುಕ ಗೂಬೆ?" ಎಂದಿತು ಸ್ಪೀಕರು. "ಬೆಳಿಗ್ಗೆ ನೀವೇ ಫೋನ್ ಮಾಡಿದ್ರಲ್ಲಪ್ಪಾ, ಏನೋ ಅರ್ಜೆಂಟು ಅಂತ ನಾನು ಮಾಡಿದ್ರೆ..."

"ಮಾವ, ನಿಮಗಲ್ಲ, ಇಲ್ಲಿ ಬೇರೆಯವರಿಗೆ!" ಎಂದು ಕಾಂತಾಮಣಿ ಓಡಿ ಬಂದು ಸಮಾಧಾನ ಮಾಡಿದಳು. ಆಮೇಲೆ ಗಂಡನತ್ತ ತಿರುಗಿದಳು. ಹಾರದ ತುದಿ ಅವನ ಕಾಲಿಗೆ ಸುತ್ತಿಕೊಂಡಿತ್ತು. ಅವಳ ದನಿ ಮತ್ತೆ ಬೆಳಗಿನ ಹಾಗೆ ಮೆತ್ತಗಾಯಿತು.

"ವೇಷ ಎಲ್ಲಾ ಬೇಡ ರೀ. ನಿಜ ಹೇಳಿ. ನಿಮಗೆ ಏನೂ ನೆನಪಿಲ್ವಾ?"

ಮುನಿಯಪ್ಪ ಮೇಲಿನ ಗುಂಡಿಯೊಂದನ್ನು ಬಿಚ್ಚಿ ಉಸಿರು ಬಿಟ್ಟ.

"ಮುಖ ನೋಡ್ಲಿಲ್ಲ ಕಣೇ. ಅಪ್ಪ ಬೈತಾರೆ ಅಂತ. ಉಪ್ಪಿಟ್ಟಲ್ಲಿ ಒಂದು ಹಸಿಮೆಣಸಿನಕಾಯಿ ಕಡಿದುಬಿಟ್ಟೆ. ಕಣ್ಣಲ್ಲಿ ನೀರು ಬಂತು, ಯಾರಿಗೂ ಹೇಳಂಗಿಲ್ಲ. ಆಗ ಪಕ್ಕದಿಂದ ಒಂದು ಕೈ ಬಂದು ನೀರಿನ ಲೋಟ ಇಡ್ತು. ಕಿರುಬೆರಳಿಗೆ ಬಟ್ಟೆ ಚೂರು ಸುತ್ತಿತ್ತು, ಸೊಪ್ಪು ಕೊಯ್ಯೋವಾಗ ಕುಯ್ಕೊಂಡಿದ್ದಿರಬೇಕು. ಅಷ್ಟು ಗದ್ದಲದಲ್ಲಿ ನನಗೆ ಖಾರ ಆಗಿದೆ ಅಂತ ಗೊತ್ತಾಗಿದ್ದು ಆ ಕೈಗೆ ಒಂದಕ್ಕೇ. ವಾಪಸ್ ಬರೋವಾಗ ಬಸ್ಸಲ್ಲೇ ಅಪ್ಪನಿಗೆ ಹೇಳಿದೆ, ಇದೇ ಹುಡುಗಿ ಸಾಕು ಅಂತ."

ಹಾಲಿನಲ್ಲಿ ಎಸಿಯ ಸದ್ದು ರೇಷ್ಮೆ ಹುಳು ಮೇದ ಹಾಗೆಯೇ ಕೇಳುತ್ತಿತ್ತು. ಮಾಜಿದಾ ಹೊಸ ಡಬ್ಬ ಹರಿದಳು. ಕಾಂತಾಮಣಿ ತನ್ನ ಕಿರುಬೆರಳನ್ನೇ ಕೊಂಚ ಹೊತ್ತು ನೋಡಿದಳು. ಏನೋ ಹೇಳಲು ಹೋಗಿ ನುಂಗಿಕೊಂಡು, ಬೇರೆಯೇ ಹೇಳಿದಳು.

"ನಾನೂ ನಿಮ್ಮ ಮುಖ ನೋಡ್ಲಿಲ್ಲ. ತಲೆ ಬಗ್ಗಿಸ್ಕೊಂಡೇ ಕೂತಿದ್ದೆ. ಕಾಲು ನೋಡಿದೆ. ಎಷ್ಟು ಚೊಕ್ಕಟವಾದ ಪಾದ! ಉಗುರೆಲ್ಲ ಒಪ್ಪವಾಗಿ ಕತ್ತರಿಸಿ, ಬಲ ಹೆಬ್ಬೆರಳ ಮೇಲೆ ಒಂದು ಮಚ್ಚೆ. ಕಾಲನ್ನೇ ಇಷ್ಟು ನೀಟಾಗಿ ಇಟ್ಕೊಂಡಿರೋನು ಹೆಂಡ್ತೀನ ಚೆನ್ನಾಗಿ ನೋಡ್ಕೋತಾನೆ ಅಂತ ಒಪ್ಕೊಂಡೆ."

ಎಲ್ಲರ ಕಣ್ಣೂ ಮುನಿಯಪ್ಪನ ಪಾದಗಳ ಮೇಲೆ ಬಿದ್ದವು. ದೋಹಾದ ಧೂಳಿನಲ್ಲಿ ಮಧ್ಯಾಹ್ನವಿಡೀ ಅಲೆದ ಪಾದಗಳು. ಉಗುರುಗಳು ಒಂದೊಂದೂ ಒಂದೊಂದು ದಿಕ್ಕಿಗೆ ಹೊರಟಿದ್ದವು. ಮಚ್ಚೆ ಎಲ್ಲೂ ಇರಲಿಲ್ಲ.

"ಮದುವೆ ಆದ್ಮೇಲೆ ಹುಡುಕಿದೆ," ಎಂದಳು ಕಾಂತಾಮಣಿ ಸಂಕೋಚದಿಂದ. "ಕೊಳೆ ಇರ್ಬೇಕು, ತೊಳೆದು ಹೋಗಿರ್ಬೇಕು ಅಂದ್ಕೊಂಡೆ."

"ಖ್ಖೊ ಖ್ಖೊ!" ಯಾರೂ ಕಟ್ ಮಾಡಿರದ ಫೋನು ಮಾತಾಡಿತು. "ಕೊಳೆ ಅಲ್ಲಮ್ಮ. ಮಚ್ಚೆ ಇದ್ದಿದ್ದು ಇವರ ಪಕ್ಕ ಕೂತಿದ್ನಲ್ಲ, ಸ್ನೇಹಿತ, ನಾಗಾರ್ಜುನ, ಅವನ ಕಾಲಲ್ಲಿ. ಬೆರಳಿಗೆ ಬಟ್ಟೆ ಸುತ್ಕೊಂಡು ನೀರು ತಂದಿಟ್ಟಿದ್ದು ನಿನ್ನ ಅತ್ತಿಗೆ ಲೀಲಾಕ್ಷಿ. ನಾನು ಅಲ್ಲೇ ಇದ್ದೆನಲ್ಲ? ಗೂಬೆಗೆ ಕಣ್ಣು ಚುರುಕು. ಆಮೇಲೇನಪ್ಪಾ?" ಫೋನು ಟಪ್ಪೆಂದು ಕಟ್ಟಾಯಿತು.

"ಅತ್ತಿಗೆ ಕೈ ಅಂತ ನನಗೆ ಆಗ್ಲೇ ಗೊತ್ತಾಯ್ತು," ಎಂದಳು ಕಾಂತಾಮಣಿ ಮೆಲ್ಲಗೆ. "ಇಷ್ಟು ವರ್ಷ ಇಟ್ಕೊಂಡಿದ್ದೀರಲ್ಲ, ಇರ್ಲಿ ಅಂತ ಸುಮ್ಮನಾದೆ."

"ಹಾಗಾದ್ರೆ ಅವತ್ತು ಯಾರು ಯಾರನ್ನು ಒಪ್ಪಿದ್ದು ಮಾರಾಯ್ರೆ?" ಎಂದಳು ಮಾಜಿದಾ.

ಮೊದಲು ರಮೀಝ್ ಕಿಸಕ್ಕೆಂದ. ಕಾಂತಾಮಣಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿ, ಉಪ್ಪಿಟ್ಟಿನ ತಟ್ಟೆಯೊಂದಿಗೆ ವಾಪಸಾದಳು.

"ಬಣ್ಣ ಮಾತ್ರ ನೀವು ಹೇಳ್ಲಿಲ್ಲ. ತಗೊಳ್ಳಿ, ರಾತ್ರೀದು."

ಮುನಿಯಪ್ಪ ಮೊದಲ ತುತ್ತು ಬಾಯಿಗಿಟ್ಟ. ಹಸಿಮೆಣಸಿನಕಾಯಿ. ಕಣ್ಣು ತುಂಬಿತು. ಪಕ್ಕದಿಂದ ಒಂದು ಕೈ ಬಂದು ನೀರಿನ ಲೋಟ ಇಟ್ಟಿತು. ಬಟ್ಟೆ ಸುತ್ತಿರದ, ಅಡುಗೆಯ ಅರಿಶಿನ ಹತ್ತಿದ ಕಿರುಬೆರಳು. ಈ ಸಲ ಅವನು ತಲೆಯೆತ್ತಿ ಮುಖ ನೋಡಿದ. ನಿಧಾನವಾಗಿ, ಹಿರಿಯರು ಯಾರೂ ಇಲ್ಲದ ಧೈರ್ಯದಲ್ಲಿ, ಚೆನ್ನಾಗಿ ನೋಡಿದ.

"ಸೀರೆ ಬಣ್ಣವನ್ನೂ ನೋಡಿಟ್ಕೊಳ್ಳಿ," ಎಂದಳು ಮಾಜಿದಾ. "ಇನ್ನು ಇಪ್ಪತ್ತಾರು ವರ್ಷ ಬಿಟ್ಟು ಕೇಳ್ತಾರೆ."

"ಅದ್ಸರಿ ಕಾಂತಾ," ಎಂದ ಮುನಿಯಪ್ಪ ನೀರು ಕುಡಿದು. "ಇನ್ನಾದ್ರೂ ಹೇಳ್ಬಿಡು. ಅವತ್ತಿನ ಸೀರೆ ಯಾವ ಬಣ್ಣ?"

ಕಾಂತಾಮಣಿ ಮೇಲೆ ಫ್ಯಾನು ನೋಡಿದಳು. "ಅದು... ನೇರಳೆ... ಅಲ್ಲ, ಅದು ಅಕ್ಕನ ಮದುವೇದು. ಬಾದಾಮಿ..." ಎಂದು ಬೆರಳು ಮಡಚಿದಳು, ಬಿಚ್ಚಿದಳು. ಟಿವಿಯಲ್ಲಿ ನಿಂತಿದ್ದ ಉಪ್ಪಜ್ಜಿಯ ಕಡೆ ಸಹಾಯಕ್ಕೆಂಬಂತೆ ತಿರುಗಿದಳು. ಆಮೇಲೆ ಸದ್ದಿಲ್ಲದೆ ಒಳಗೆ ಹೋಗಿ, ಇನ್ನೊಂದು ತಟ್ಟೆಗೆ ಉಪ್ಪಿಟ್ಟು ಹಾಕಿಕೊಂಡು ಬಂದು, ಗಂಡನ ಪಕ್ಕ ಕೂತಳು.

ಆಗ ಎದ್ದ ನಗುವಿಗೆ ಕೆಳಗಿನ ಮಹಡಿಯವರು ಬಂದು ಬೆಲ್ ಮಾಡಿದರು. ರಮೀಝ್ ನೆಲದ ಮೇಲೆ ಉರುಳಿದ. ಆದರೆ ಎಲ್ಲರಿಗಿಂತ ಜೋರಾಗಿ ನಕ್ಕವನು ಮುನಿಯಪ್ಪನೇ. ಎಷ್ಟು ಜೋರೆಂದರೆ, ನಗುವಿನ ನಡುವೆ ಬೆನ್ನ ಮೇಲೆ ಸರ್ರೆಂದು ಏನೋ ಹರಿದ ಸದ್ದೂ, "ಯಾ ಅಲ್ಲಾ, ನನ್ನ ಸಫಾರಿ!" ಎಂದು ಇಸ್ಮಾಯಿಲರು ಕೂಗಿದ್ದೂ ಅವನಿಗೆ ಕೇಳಿಸಲೇ ಇಲ್ಲ.