ಗೋಬರ್ ಗ್ಯಾಸಿನವರಲ್ಲಿ ಒಂದಿಷ್ಟು ಹೊಗೆಗಾಗಿ ಬಿನ್ನಹ

ಉಬ್ರಾಣಿ, ಚನ್ನಗಿರಿ ತಾಲ್ಲೂಕು
ಕಾರ್ತಿಕ ಮಾಸ, ೧೯೮೯

ನಮ್ಮ ಹಿತ್ತಿಲಿನಲ್ಲಿ ಕಬ್ಬಿಣದ ಡ್ರಮ್ಮು ಹೊದ್ದು ವಿರಾಜಮಾನರಾಗಿರುವ ಗೋಬರ್ ಗ್ಯಾಸಿನವರ ಸನ್ನಿಧಾನಕ್ಕೆ, ತಮಗೆ ದಿನವೂ ಸಗಣಿ ಕಲಸಿ ಉಣಿಸುವ ಅಂಜಿನಪ್ಪ ಕೈ ತೊಳೆದುಕೊಂಡು ಮಾಡುವ ನಮಸ್ಕಾರಗಳು.

ಮಾನ್ಯರೇ,

ಗ್ಯಾಸು ತುಂಬಿ ಡ್ರಮ್ಮು ಮೇಲೆದ್ದಿರುವುದರಿಂದ ತಾವು ಕ್ಷೇಮವೆಂದು ತಿಳಿದಿದ್ದೇನೆ. ತಮ್ಮನ್ನು ಇಲ್ಲಿ ಪ್ರತಿಷ್ಠಾಪಿಸಿದ ಅಧಿಕಾರಿಗಳು, ನಮ್ಮ ಒಲೆಗಳ ಹೊಗೆ ಆಕಾಶಕ್ಕೆ ಏರಿ ಭೂಮಿಗೆ ಜ್ವರ ಬಂದಿದೆಯೆಂದೂ, ಸೌದೆ ಬಿಟ್ಟು ತಮ್ಮನ್ನು ನಂಬಿದರೆ ಕಾಡು ಉಳಿದು ಆ ಜ್ವರ ಇಳಿಯುವುದೆಂದೂ ಜೀಪಿನ ಬಾನೆಟ್ಟಿನ ಮೇಲೆ ಕೈಯಿಟ್ಟು ಹೇಳಿದ್ದರು. ಲೋಕದ ಹವೆಯನ್ನೇ ಕೆಡಿಸುವಷ್ಟು ತಾಕತ್ತು ನಮ್ಮ ಅಡಿಗೆಮನೆಗೆ ಇದೆಯೆಂದು ತಿಳಿದು ನನ್ನ ಹೆಂಡತಿ ಸಾವಂತ್ರಮ್ಮ ಸ್ವಲ್ಪ ಬೀಗಿದ್ದೂ ಉಂಟು.

ತಮ್ಮ ಉಪಕಾರವನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ತಾಯಿ ಹನುಮಂತಮ್ಮನವರು ವರ್ಷಾನುಗಟ್ಟಲೆ ಹೊಗೆ ಕುಡಿದು, ಬೆಳಗಿನ ಜಾವ ಕೆಮ್ಮಲು ಕೂತರೆ ಬೀದಿಯೇ ಎದ್ದು ಕೂರುತ್ತಿತ್ತು. ತಮ್ಮ ನೀಲಿ ಉರಿ ಹೊತ್ತಿದ ಕೆಲವು ವಾರಗಳಲ್ಲಿ ಆ ಕೆಮ್ಮು ನಿಂತಿತು. ಅವರು ಉಬ್ಬಸವಿಲ್ಲದೆ ಮಲಗಿದ್ದನ್ನು ಕಂಡು ನನಗೆ ಅಳು ಬಂತು.

ದೂರು ಇಲ್ಲಿಂದ ಶುರು. ನಮ್ಮಲ್ಲಿ ಹೆಂಚಿನ ಮೇಲೆ ಹೊಗೆಯೆದ್ದರೆ ಆ ಮನೆಯವರು ಚೆನ್ನಾಗಿದ್ದಾರೆಂದು ಅರ್ಥ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಅನ್ನ ಸಾರು ತಂದು ಉಣಿಸುತ್ತಾರೆ. ಸಗಣಿಯಿಂದ ಉರಿ ಬರುವುದನ್ನು ಬೀದಿಯವರು ಪೂರಾ ನಂಬಿರಲಿಲ್ಲವಾದರೂ, ಕೆಮ್ಮು ಕೇಳುತ್ತಿದ್ದಷ್ಟು ದಿನ ಸುಮ್ಮನಿದ್ದರು. ಅದೂ ನಿಂತ ಬೆಳಿಗ್ಗೆ ಪಕ್ಕದ ಮನೆಯ ಕೊಟ್ರಬಸಪ್ಪನವರು, ಪಾತ್ರೆ ಹೊತ್ತ ಹೆಂಗಸರನ್ನು ಹಿಂದಿಟ್ಟುಕೊಂಡು ಬಂದು, "ಯಾವಾಗ ಹೋದ್ಳಪ್ಪಾ ದೊಡ್ಡವ್ವ? ಒಂದು ಮಾತು ಹೇಳಿ ಕಳ್ಸಾಕೆ ಆಗ್ಲಿಲ್ವೇನು?" ಎಂದು ನನ್ನ ಹೆಗಲು ಹಿಡಿದು ಅಳತೊಡಗಿದರು. ಅಷ್ಟರಲ್ಲಿ ತಾಯಿಯೇ ಹೊರಗೆ ಬಂದು, "ಎಲ್ಲಿಗೂ ಹೋಗಿಲ್ಲ ಕಣಪ್ಪ, ಮುಖ ತೊಳ್ಯಾಕೆ ಹೋಗಿದ್ದೆ. ಸಾರು ಏನು ಮಾಡ್ಕಂಡು ಬಂದೀರಿ?" ಎಂದರು. ತಾಯಿಯವರು ತಮ್ಮದೇ ಸಾವಿನ ಊಟವನ್ನು ಕೂತು ಉಂಡು, ಉಪ್ಪು ತುಸು ಮುಂದಾಯಿತೆಂದು ಹೇಳಿ ಪಾತ್ರೆ ತೊಳೆದು ಕೊಟ್ಟರು.

ಆದಕಾರಣ, ಭೂಮಿಗೆ ಕಾವು ಏರಿಸದ, ಯಾರ ಎದೆಗೂ ಇಳಿಯದ, ಆದರೆ ನಾಲ್ಕು ಮನೆಗೆ ಕಾಣುವಂಥ ಹೊಗೆಯನ್ನು ತಾವು ದಿನವೂ ಬೆಳಿಗ್ಗೆ ಒಂದಿಷ್ಟು ಬಿಡಬೇಕೆಂದು ಪ್ರಾರ್ಥನೆ. ಆಗದಿದ್ದರೆ ನಮ್ಮ ತಾಯಿಯವರ ದನಿಯಲ್ಲಿ ಒಮ್ಮೆ ಕೆಮ್ಮಿದರೂ ಸಾಕು.

ಇಷ್ಟೇ ಆಗಿದ್ದರೆ ತಮ್ಮ ಅಮೂಲ್ಯ ಸಮಯವನ್ನು ಹಾಳು ಮಾಡುತ್ತಿರಲಿಲ್ಲ. ತಮ್ಮ ಕೀರ್ತಿ ಹಬ್ಬಿ, ಬೀದಿಯ ಇನ್ನೂ ಕೆಲವು ಹಿತ್ತಿಲುಗಳಿಗೆ ತಮ್ಮ ಬಂಧುಗಳು ಆಗಮಿಸಿದರು; ಹೊಗೆ ಕಾಣದ ಮನೆಗೆ ಗ್ಯಾಸ್ ಬಂದಿರಬೇಕೆಂದು ತಿಳಿಯುವಷ್ಟು ನಾವೂ ಬುದ್ಧಿವಂತರಾದೆವು. ಈಚೆಗೊಂದು ದಿನ ಬೀದಿಯ ಕೊನೆಯಲ್ಲಿ ಒಬ್ಬಳೇ ಇರುವ ಉಡಚಮ್ಮನ ಸೂರಿನ ಮೇಲೂ ಹೊಗೆ ಕಾಣಲಿಲ್ಲ. ಆಕೆಗೂ ಬಂತಲ್ಲ ಎಂದು ಬೀದಿಯೆಲ್ಲ ಸಂತೋಷಪಟ್ಟಿತು, ಮರುದಿನವೂ ಸಂತೋಷಪಟ್ಟಿತು. ಕೊನೆಗೆ ನಮ್ಮ ತಾಯಿ, "ಅಯ್ಯೋ ಮಂಕುಗಳಾ, ಅವಳಿಗೆ ದನಾನೇ ಇಲ್ಲ, ಗ್ಯಾಸ್ ಎಲ್ಲಿಂದ ಬರ್ತೈತೆ?" ಎಂದು ಗಂಜಿಯ ಚೊಂಬು ಹಿಡಿದು ಓಡಿದರು. ಉಡಚಮ್ಮ ಆರಿದ ಒಲೆಯ ಪಕ್ಕ ಜ್ವರದಲ್ಲಿ ಬಿದ್ದಿದ್ದಳು. ಗಂಜಿ ಕುಡಿದಳು, ಬದುಕಿಕೊಂಡಳು.

ತಮ್ಮನ್ನು ಕೀಳಿಸುವ ಯೋಚನೆ ನಮಗಿಲ್ಲ. ತಾಯಿಯ ಉಸಿರು ತಮ್ಮ ಋಣದಲ್ಲಿದೆ. ಹಿಂದೆ ಹೊಗೆಯು ಮಾಡುತ್ತಿದ್ದ ಕೆಲಸವನ್ನು ಈಗ ತಾಯಿಯೇ ವಹಿಸಿಕೊಂಡಿದ್ದಾರೆ. ದಿನಾ ಬೆಳಿಗ್ಗೆ ಕೋಲೂರಿಕೊಂಡು ಹೋಗಿ, ಒಂದೊಂದು ಬಾಗಿಲಲ್ಲೂ ನಿಂತು, "ಒಲೆ ಹತ್ತೈತೇನ್ರೇ?" ಎಂದು ಕೂಗಿ, ಒಳಗಿನಿಂದ ಉತ್ತರ ಬಂದ ಮೇಲೇ ಮುಂದಿನ ಮನೆಗೆ ನಡೆಯುತ್ತಾರೆ.

ನಾಳೆಯ ಸಗಣಿಯೊಂದಿಗೆ ಮತ್ತೆ ದರ್ಶನಕ್ಕೆ ಬರಲಿರುವ,
ತಮ್ಮ ವಿಶ್ವಾಸಿ
ಅಂಜಿನಪ್ಪ

ತಾ.ಕ.: ದನವಿಲ್ಲದ ಉಡಚಮ್ಮನಿಗೆ ಏನು ಗತಿಯೆಂದು ಕೇಳಿದ್ದಕ್ಕೆ, ಭೂಮಿಯ ಜ್ವರ ಇಳಿಸಲು ಬಂದ ಅಧಿಕಾರಿಗಳು ಅದು ಯೋಜನೆಯಲ್ಲಿ ಬರುವುದಿಲ್ಲವೆಂದು ಹೇಳಿ ಹೊರಟರು. ಅವರ ಜೀಪು ಬಿಡುವ ಹೊಗೆ ಕೆರೆ ಏರಿಯ ಆಚೆಯಿಂದಲೂ ದಟ್ಟವಾಗಿ ಕಾಣುವುದರಿಂದ, ಸಾಹೇಬರು ಸುಖವಾಗಿದ್ದಾರೆಂದು ತಿಳಿದು, ನಮ್ಮ ತಾಯಿ ಅವರ ಬಾಗಿಲಿಗೆ ಮಾತ್ರ ಹೋಗುವುದಿಲ್ಲ.