ಸಲೂನಿನ ಮೇಲ್ಗಡೆಯ ಡಾಕ್ಟರಮ್ಮ

ಹಲ್ಲು ನೋವಿನವರು ನಗುವುದಿಲ್ಲ. ಆದರೆ ಅವರಿಂದ ನಮಗೆ ನಗು ಬರುವಂಥ ಸಂಗತಿ ವಾರಕ್ಕೊಂದಾದರೂ ಆಗುತ್ತಲೇ ಇರುತ್ತದೆ. ನಮಗೆ ಎಂದರೆ ಡಾಕ್ಟರಮ್ಮನಿಗೆ ಮತ್ತು ನನಗೆ. ನಾನು ಸಕಲೇಶಪುರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಸಹಾಯಕ. ಸಹಾಯಕ ಎಂದರೆ ಇಕ್ಕಳ ಕುದಿಸುವುದು, ಬಾಯಿಗೆ ಬೆಳಕು ಬಿಡುವುದು, ಹೆದರಿದವರ ಕೈ ಹಿಡಿದುಕೊಳ್ಳುವುದು. ಬರೆಯುವುದು ಇದೇ ಮೊದಲು, ಅದಕ್ಕೇ ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ.

ಡಾಕ್ಟರಮ್ಮನ ಕೈ ಬಹಳ ಹಗುರ. ಅವರಿಗೆ ಹಲ್ಲಿನ ಕೆಲಸದಷ್ಟೇ ಹಲ್ಲಿನ ಚರಿತ್ರೆಯ ಹುಚ್ಚೂ ಇದೆ. ನಾಲ್ಕೈದು ಶತಮಾನಗಳ ಹಿಂದೆ ಯುರೋಪಿನಲ್ಲಿ, ಅಂದರೆ ಅಲ್ಲಿ ಚಿತ್ರ, ಶಿಲ್ಪ, ವಿಜ್ಞಾನ ಎಲ್ಲವೂ ಹೊಸದಾಗಿ ಚಿಗುರುತ್ತಿದ್ದ ಕಾಲದಲ್ಲಿ, ಹಲ್ಲಿಗೆ ಏನೇನು ಮಾಡುತ್ತಿದ್ದರು ಎಂಬುದನ್ನು ರೋಗಿಗಳಿಗೆ ಹೇಳುತ್ತಲೇ ಕೆಲಸ ಮಾಡುತ್ತಾರೆ. ರೋಗಿಯ ಬಾಯಿ ತೆರೆದೇ ಇರುವುದರಿಂದ ಸಾಕು ಎನ್ನಲು ಯಾರಿಗೂ ಆಗುವುದಿಲ್ಲ.

ವಿಭಾಗ

ನಮ್ಮ ಕ್ಲಿನಿಕ್ ಇರುವುದು ಒಂದು ಸಲೂನಿನ ಮೇಲೆ. ಮೊದಮೊದಲು ಸಲೂನಿನ ಯಜಮಾನರಿಗೆ ನಮ್ಮನ್ನು ಕಂಡರೆ ಸಿಟ್ಟು. ಹಲ್ಲು ಕೀಳಿಸಿಕೊಂಡವರು ಮೆಟ್ಟಿಲ ಬುಡದಲ್ಲಿ ರಕ್ತ ಉಗುಳಿ ಹೋಗುತ್ತಿದ್ದರು. ಕ್ಷೌರಕ್ಕೆ ಬಂದವರು ಅದನ್ನು ನೋಡಿ, ಇದು ಒಳಗಿನ ಕತ್ತಿಯ ಕೆಲಸವೆಂದು ತಿಳಿದು ಹಾಗೇ ವಾಪಸಾಗುತ್ತಿದ್ದರು. ಒಂದು ದಿನ ಯಜಮಾನರು ಜಗಳಕ್ಕೆಂದೇ ಮೇಲೆ ಬಂದರು.

ಡಾಕ್ಟರಮ್ಮ ಅವರನ್ನು ಕೂರಿಸಿ ಕಥೆ ಹೇಳಿದರು. ಆ ಕಾಲದ ಫ್ರಾನ್ಸಿನಲ್ಲಿ ಒಬ್ಬ ಕ್ಷೌರಿಕನಿದ್ದ. ಗಡ್ಡ ಕೆರೆಯುತ್ತಲೇ ಗಾಯ ಕಟ್ಟುವುದನ್ನೂ ಹಲ್ಲು ಕೀಳುವುದನ್ನೂ ಕಲಿತ. ಪಂಡಿತರ ಲ್ಯಾಟಿನ್ ಬಾರದಿದ್ದರೂ ತನ್ನ ಜನರ ಮಾತಿನಲ್ಲೇ ವೈದ್ಯದ ಪುಸ್ತಕ ಬರೆದ. ಕೊನೆಗೆ ರಾಜರಿಗೇ ಶಸ್ತ್ರವೈದ್ಯನಾದ.

"ನನ್ನ ಕಸುಬು ಹುಟ್ಟಿದ್ದೇ ನಿಮ್ಮ ಕಸುಬಿನಿಂದ," ಎಂದರು ಡಾಕ್ಟರಮ್ಮ.

ಯಜಮಾನರು ಇಳಿದು ಹೋದರು. ಮರುದಿನ ಯಾರೋ ಕೆನ್ನೆ ಹಿಡಿದುಕೊಂಡು ಬಂದು, ಹಲ್ಲಿನ ಡಾಕ್ಟ್ರು ಎಲ್ಲಿ ಎಂದು ಕೇಳಿದಾಗ, ಕತ್ತರಿ ನಿಲ್ಲಿಸದೆ ಹೇಳಿದರಂತೆ: "ಹಲ್ಲಿನ ವಿಭಾಗ ಮ್ಯಾಲ್ಗಡೆ ಐತೆ. ನಾನು ಕಳ್ಸಿದ್ದು ಅಂತ ಹೇಳು."

ಹುಳ

ಹೊಂಗಡಹಳ್ಳದ ಕಡೆಯ ಒಂದು ಎಸ್ಟೇಟಿನ ರೈಟರ್ ಕೆನ್ನೆ ಊದಿಸಿಕೊಂಡು ಬಂದರು. ರೈಟರ್ ಎಂದರೆ ಪುಸ್ತಕ ಬರೆಯುವವರಲ್ಲ. ಆಳುಗಳ ಹಾಜರಿ ಹಿಡಿದು ಕೆಲಸ ಹಂಚುವವರು. ಅವರು ಇಲ್ಲಿ ಕೂಗಿದರೆ ಆಚೆ ಗುಡ್ಡದಲ್ಲಿ ಕೂತು ಬೀಡಿ ಸೇದುತ್ತಿದ್ದವರು ಎದ್ದು ನಿಲ್ಲುತ್ತಾರೆ ಎಂದು ಹೆಸರು. ಬೆಂಚಿನ ಮೇಲೆ ಅದೇ ಎಸ್ಟೇಟಿನ ಲೈನಿನ, ಅಂದರೆ ಆಳುಗಳ ಸಾಲುಮನೆಯ, ಒಬ್ಬ ಅಜ್ಜಿ ಮೊದಲೇ ಬಂದು ಕೂತಿದ್ದರು.

ರೈಟರ್ ನನ್ನನ್ನು ಪಕ್ಕಕ್ಕೆ ಕರೆದರು. "ಮಾರಾಯ, ಕೀಳುವಾಗ ನಾನೇನಾದ್ರೂ ಕಿರುಚಿಬುಟ್ರೆ ಈ ಯಮ್ಮ ಲೈನ್ ತುಂಬಾ ಹೇಳ್ತದೆ. ಆಮೇಲೆ ನನ್ ಮಾತು ಯಾವನು ಕೇಳ್ತಾನೆ? ಮೊದ್ಲು ಅದನ್ನ ಕಳ್ಸು."

ಅಜ್ಜಿ ಒಳಗೆ ಹೋದವರೇ, "ಹುಳ ತೆಗೀರಿ," ಎಂದರು. ಒಂದು ಕಾಡುಗಿಡದ ಬೀಜವನ್ನು ಕೆಂಡದ ಮೇಲೆ ಹಾಕಿ ಆ ಹೊಗೆ ಬಾಯಿಗೆ ಹಿಡಿದರೆ ಹಲ್ಲಿನ ಹುಳ ಉದುರುತ್ತದೆ ಎಂದು ಹಿಂದಿನವರು ನಂಬಿದ್ದರು. ಡಾಕ್ಟರಮ್ಮನಿಗೆ ಖುಷಿಯೋ ಖುಷಿ.

"ಅಜ್ಜಿ, ಆಗಿನ ಕಾಲದಲ್ಲಿ ಯುರೋಪಿನಲ್ಲೂ ಹಿಂಗೇ ಹೊಗೆ ಹಾಕ್ತಿದ್ರು. ಉದುರ್ತಿದ್ದಿದ್ದು ಹುಳ ಅಲ್ಲ, ಬೆಂದ ಬೀಜದ ಒಳಗಿನ ಮೊಳಕೆ. ಹಲ್ಲಿನಲ್ಲಿ ಹುಳ ಇರೋದಿಲ್ಲ."

"ಅವರೂ ಹುಳ ಐತೆ ಅಂತಿದ್ರಾ?"

"ಹೂಂ, ಅಂತಿದ್ರು."

ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕಿದರು. "ಅಲ್ಲಿನೋರೂ ಐತೆ ಅಂದವ್ರೆ, ನಾವೂ ಐತೆ ಅಂತೀವಿ. ಇಲ್ಲ ಅನ್ನೋರು ನೀವೊಬ್ರೇ ಕಣವ್ವ."

ಹಾಲು

ಆ ಫ್ರಾನ್ಸಿನ ಕ್ಷೌರಿಕ ವೈದ್ಯ, ಕಳಚಿ ಬಂದ ಹಲ್ಲನ್ನು ಮತ್ತೆ ಅದರ ಗೂಡಿನಲ್ಲೇ ಕೂರಿಸಿ ಪಕ್ಕದ ಹಲ್ಲಿಗೆ ದಾರದಿಂದ ಕಟ್ಟಬಹುದೆಂದು ಬರೆದಿದ್ದನಂತೆ. ಡಾಕ್ಟರಮ್ಮ ಇದನ್ನು ಹಾನುಬಾಳಿನ ಒಂದು ಸಭೆಯಲ್ಲಿ ಹೇಳಿ, "ಪೆಟ್ಟು ಬಿದ್ದು ಹಲ್ಲು ಕಳಚಿದರೆ ಎಸೆಯಬೇಡಿ. ಹಾಲಿನಲ್ಲಿ ಹಾಕಿಕೊಂಡು ತಕ್ಷಣ ಬನ್ನಿ," ಎಂದಿದ್ದರು.

ಒಂದು ವಾರದಲ್ಲಿ, ಕಾಫಿ ವ್ಯಾಪಾರದ ಸಾಹೇಬರೊಬ್ಬರು ಸ್ಟೀಲ್ ಕ್ಯಾನು ಹಿಡಿದು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. "ಹಲ್ಲು, ಹಾಲಲ್ಲಿದೆ," ಎಂದರು. ಕುರ್ಚಿಯಲ್ಲಿದ್ದವರನ್ನು ಎಬ್ಬಿಸಿ ಇವರನ್ನು ಕೂರಿಸಿದೆವು. ಡಾಕ್ಟರಮ್ಮ ಚಿಮಟದಲ್ಲಿ ಹಲ್ಲನ್ನು ಎತ್ತಿ ನೋಡಿದರು. ಅದು ಕಾಫಿ ಬೀಜದ ಬಣ್ಣಕ್ಕೆ ತಿರುಗಿತ್ತು.

"ಯಾವಾಗ ಬಿತ್ತು ಸಾಹೇಬ್ರೆ?"

"ಮಗಳ ಮದುವೆ ವರ್ಷ."

"ಮಗಳು ಈಗ?"

"ಅವಳ ಮಗ ಹೈಸ್ಕೂಲು."

ಡಾಕ್ಟರಮ್ಮ ಚಿಮಟ ಕೆಳಗಿಟ್ಟು ಕ್ಯಾನಿನೊಳಗೆ ಇಣುಕಿದರು. ಅವರಿಗೆ ಬೇರೇನೋ ಅನುಮಾನ ಬಂದಿದೆ ಎಂದುಕೊಂಡ ಸಾಹೇಬರು ಕ್ಯಾನನ್ನು ಮುಂದಕ್ಕೆ ತಳ್ಳಿದರು. "ಹಾಲು ಮಾತ್ರ ಇವತ್ತು ಬೆಳಿಗ್ಗೆ ಕರೆದಿದ್ದೇ, ಡಾಕ್ಟರಮ್ಮ. ಬೇಕಾದ್ರೆ ಮೂಸಿ ನೋಡಿ."

ವಾಲಗ

ಅಜ್ಜಿ ಒಳಗಿದ್ದಾಗಲೇ ರೈಟರ್ ಬಸ್ಸು ಹತ್ತಿ ಹೋಗಿಬಿಟ್ಟಿದ್ದರು ಎಂಬುದನ್ನು ಹೇಳಲು ಮರೆತೆ. ನೋವು ತಡೆಯಲಾರದೆ ಮತ್ತೆ ಬಂದರು. ಊತ ಇಳಿದ ಮೇಲೆ ಕೀಳೋಣವೆಂದು ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, ಧೈರ್ಯ ತುಂಬಲು ಒಂದು ಕಥೆಯನ್ನೂ ಹೇಳಿದರು. ಆ ಕಾಲದಲ್ಲಿ ಹಲ್ಲು ಕೀಳುವವರು ಸಂತೆಯಲ್ಲಿ ಕೂರುತ್ತಿದ್ದರಂತೆ. ಕೀಳಿಸಿಕೊಳ್ಳುವವನ ಕಿರುಚಾಟ ಮುಂದಿನವನಿಗೆ ಕೇಳಬಾರದೆಂದು ಜೊತೆಗೆ ವಾದ್ಯದವರನ್ನೂ ಇಟ್ಟುಕೊಳ್ಳುತ್ತಿದ್ದರಂತೆ. "ಈಗ ಅದೆಲ್ಲ ಬೇಡ, ಮರಗಟ್ಟಿಸೋ ಇಂಜೆಕ್ಷನ್ ಇದೆ," ಎಂದು ಕಥೆ ಮುಗಿಸಿದರು. ರೈಟರ್ ಕಥೆಯ ಆ ಕೊನೆಯವರೆಗೆ ಕೇಳಿಸಿಕೊಂಡಿರಲಿಲ್ಲ.

ಮುಂದಿನ ವಾರ ಅವರ ಎಸ್ಟೇಟಿನ ಸ್ಟೋರಿನ, ಅಂದರೆ ಕಾಫಿ ಗೋದಾಮಿನ, ಜಗಲಿಯಲ್ಲೇ ನಮ್ಮ ಉಚಿತ ಶಿಬಿರ. ಲೈನಿನವರೆಲ್ಲ ಬಂದರು, ಆದರೆ ಕುರ್ಚಿಯ ಹತ್ತಿರ ಒಬ್ಬರೂ ಸುಳಿಯಲಿಲ್ಲ. "ಮೊದ್ಲು ರೈಟ್ರು ಕೂತ್ಕಳ್ಲಿ. ಆಮೇಲೆ ನೋಡಾನ," ಎಂದಿತು ಒಂದು ದನಿ. ಡಾಕ್ಟರಮ್ಮ ರೈಟರ್ ಕಿವಿಯಲ್ಲಿ ಹೇಳಿದರು: "ಇನ್ನೂ ಬಿಟ್ರೆ ಕೀವು ದವಡೆಗೆ ಇಳಿಯುತ್ತೆ. ನೀವು ಎದ್ದು ಹೋದ್ರೆ ಇವರೂ ಹೋಗ್ತಾರೆ."

ರೈಟರ್ ಸ್ಟೋರಿನ ಹಿಂದಕ್ಕೆ ಕೈಸನ್ನೆ ಮಾಡಿದರು. ಅಲ್ಲಿಂದ ವಾಲಗದವರಿಬ್ಬರು ಬಂದರು. ಒಬ್ಬರು ಊದುವವರು, ಇನ್ನೊಬ್ಬರು ಹುರಿಮೀಸೆಯ ಡೋಲಿನವರು. "ಶುರು ಮಾಡ್ರಪ್ಪ. ನಿಲ್ಲಿಸ್ಬ್ಯಾಡಿ," ಎಂದು ಹೇಳಿ ರೈಟರ್ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಮದುವೆಮನೆಯ ಗದ್ದಲವೇ ಎದ್ದಿತು. ಮನೆಯಲ್ಲಿ ಉಳಿದಿದ್ದವರೂ ಓಡಿ ಬಂದರು.

ಇಂಜೆಕ್ಷನ್ ಹಿಡಿಯಿತು. ಆ ಗದ್ದಲದಲ್ಲೇ ಡಾಕ್ಟರಮ್ಮ ಇಕ್ಕಳ ಹಾಕಿದರು. ರೈಟರಿಗೆ ಏನೂ ಗೊತ್ತಾಗಲಿಲ್ಲ, ಹುಬ್ಬು ಕೂಡ ಅಲುಗಲಿಲ್ಲ. ಕೈ ಹಿಡಿದುಕೊಂಡಿದ್ದವನು ನಾನೇ, ಅದಕ್ಕೇ ಖಚಿತವಾಗಿ ಹೇಳುತ್ತಿದ್ದೇನೆ. ಆದರೆ ಡೋಲಿನವರು ಏನಾಗುತ್ತಿದೆ ಎಂದು ಬಗ್ಗಿ ನೋಡಿದರು. ಆಗಲೇ ಮೂರು ಬೇರಿನ ದವಡೆ ಹಲ್ಲು ರಕ್ತ ಸಮೇತ ಹೊರಗೆ ಬಂತು. ಊದುವವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ ಆ ಒಂದು ಗಳಿಗೆಯಲ್ಲಿ ಡೋಲಿನವರು "ಅಯ್ಯಯ್ಯೋ ಅವ್ವಾ" ಎಂದು ಕಿರುಚಿದ್ದು ಇಡೀ ತೋಟಕ್ಕೆ ಕೇಳಿಸಿತು. ಜನ ನಿಂತಿದ್ದದ್ದು ಕುರ್ಚಿಯ ಬೆನ್ನ ಹಿಂದೆ. ಯಾರು ಕಿರುಚಿದ್ದೆಂದು ಅವರು ಯಾರನ್ನೂ ಕೇಳಬೇಕಾಗಿಯೇ ಇರಲಿಲ್ಲ.

ಅಷ್ಟರಲ್ಲಿ ಡಾಕ್ಟರಮ್ಮ ರೈಟರ್ ಬಾಯಿಗೆ ಹತ್ತಿ ಇಟ್ಟಾಗಿತ್ತು. "ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಿ. ಮಾತಾಡಬಾರದು." ರೈಟರ್ ಕೈಯಲ್ಲಿ ಡೋಲಿನವರನ್ನು ತೋರಿಸಿದರು. ಇನ್ನೂ ಬಾರಿಸು ಎನ್ನುತ್ತಿದ್ದಾರೆಂದುಕೊಂಡು ಅವರು ಮತ್ತೆ ಶುರು ಮಾಡಿದರು.

"ಪಾಪ, ಅಷ್ಟು ನೋವಾದ್ರೂ ಎದ್ದು ಓಡ್ಲಿಲ್ಲ ನೋಡು," ಎಂದಳು ಒಬ್ಬಳು. "ಅವ್ರೇ ಕೂತ್ರು ಅಂದ್ಮೇಲೆ ನಮ್ದೇನು." ಸಾಲು ಅಂಗಳದವರೆಗೂ ಬೆಳೆಯಿತು. ಡಾಕ್ಟರಮ್ಮ ಸಾಲನ್ನು ನೋಡಿದರು, ರೈಟರನ್ನು ನೋಡಿದರು, ಸುಮ್ಮನೆ ಕೈಗವಸು ಬದಲಾಯಿಸಿದರು.

ಅರ್ಧ ಗಂಟೆ ಕಳೆದು ರೈಟರ್ ಹತ್ತಿ ಉಗುಳಿದರು. "ಕಿರುಚಿದ್ದು ನಾನಲ್ಲ," ಎಂದರು.

ಸಾಲಿನಲ್ಲಿದ್ದ ಆ ಅಜ್ಜಿ ಹತ್ತಿರ ಬಂದು ಅವರ ಭುಜ ಸವರಿದರು. ಸುತ್ತ ಇಡೀ ಎಸ್ಟೇಟೇ ನಿಂತಿತ್ತು.

"ಹೋಗ್ಲಿ ಬುಡಿ ಸಾರ್," ಎಂದರು ಅಜ್ಜಿ, "ನಾವು ಯಾರ್ಗೂ ಹೇಳಾಕಿಲ್ಲ."