ಬೂಷ್ಟಿನ ಮೇಲೆ ಯುದ್ಧ ಸಾರಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಈ ಭೂಮಿಯ ಮೇಲೆ ಶತ್ರುಗಳು ಎರಡೇ. ಒಂದು ಬೂಷ್ಟು. ಇನ್ನೊಂದು ಅವರ ಒಡಹುಟ್ಟಿದ ಅಣ್ಣ, ಅಂದರೆ ನಮ್ಮಪ್ಪ. ಎರಡರಲ್ಲಿ ಯಾವುದು ಹೆಚ್ಚು ಅಪಾಯ ಎಂದು ಒಮ್ಮೆ ಕೇಳಿದ್ದೆ. ಪ್ರಾಮಾಣಿಕವಾಗಿ ಯೋಚನೆ ಮಾಡಿ, "ಬೂಷ್ಟಾದ್ರೂ ಬಿಸಿಲಿಗೆ ಹಾಕಿದ್ರೆ ಸಾಯತ್ತೆ" ಎಂದರು!

ಇಪ್ಪತ್ತೆರಡನೆಯ ವಯಸ್ಸಿಗೆ ಮೈಸೂರು ಬಿಟ್ಟು ಮದರಾಸು ಸೇರಿದವರು ಅವರು. ತಿರುವೊಟ್ಟಿಯೂರಿನ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲನ್ನು ಪರೀಕ್ಷಿಸಿ ಪಾಸು, ಫೇಲು ಮಾಡುವುದು ಅವರ ಉದ್ಯೋಗವಾಗಿತ್ತು. ನಿವೃತ್ತರಾದ ಮೇಲೆ ಮಾಲು ಸಿಗದೆ ನೆಂಟರನ್ನು ಫೇಲು ಮಾಡಲು ಶುರುಮಾಡಿದರು. ತೇವ ಎಂದರೆ ಮೈಯೆಲ್ಲ ಉರಿಯುವ ಈ ಮನುಷ್ಯ ಮನೆ ಕಟ್ಟಿಸಿದ್ದೆಲ್ಲಿ? ಸಮುದ್ರಕ್ಕೆ ಎರಡು ಬೀದಿ ಈಚೆ! ಉಪ್ಪಿನ ಡಬ್ಬಿಯೂ ನೀರೊಡೆಯುವ ಆ ಮನೆಯಲ್ಲಿ ಅವರು ಸಾಕ್ಸಿಗೆ ಇಸ್ತ್ರಿ ಹಾಕುತ್ತಿದ್ದರು. ಹಾಸಿಗೆ, ದಿಂಬು, ಚಪ್ಪಲಿ, ಕೊನೆಗೆ ಕನ್ನಡಕದ ಡಬ್ಬಿ ಕೂಡ ದಿನಾ ತಾರಸಿ ಹತ್ತಿ ಬಿಸಿಲು ಕಾಯಬೇಕು. ತಲೆಯಲ್ಲಿ ಒಂದು ಕೂದಲಿಲ್ಲದಿದ್ದರೂ ಮನೆಯಲ್ಲೊಂದು ಹೇರ್ ಡ್ರೈಯರ್ ಇತ್ತು. ಸ್ನಾನವಾದ ಮೇಲೆ ಕಾಲ್ಬೆರಳುಗಳ ಸಂದಿಗೆ ಅದನ್ನು ಹಿಡಿದು ಕೂತರೆ ಅರ್ಧ ಗಂಟೆ ಯಾರೂ ಮಾತಾಡಿಸುವಂತಿಲ್ಲ.

"ನಾನು ಮದುವೆಯಾಗಿ ಬಂದ ಹೊಸದ್ರಲ್ಲಿ ಇವರಿಗೆ ವಿಗ್ ಇದೆ ಅಂದ್ಕೊಂಡಿದ್ದೆ" ಎಂದು ಚಿಕ್ಕಮ್ಮ ನಗುತ್ತಿದ್ದರು. "ಬೀರು ಎಲ್ಲ ಹುಡುಕಿದೆ ಕಣೆ!"

ಇಷ್ಟೆಲ್ಲ ಮಾಡಿಯೂ ಫಲವೇನು? ಸಾಕ್ಸು ಬಿಚ್ಚಿದರೆ ಕಾಲಿನ ಉಗುರುಗಳು ಹಳದಿ ಬಣ್ಣಕ್ಕೆ ತಿರುಗಿ ಎಮ್ಮೆಯ ಕೊಂಬಿನಂತೆ ದಪ್ಪಗಿದ್ದವು. ವರ್ಷಕ್ಕೆರಡು ಸಲ ನಾಲಿಗೆಯ ಮೇಲೆ ಮೊಸರು ಬಳಿದಂತೆ ಬಿಳಿ ಪದರ ಕಟ್ಟುತ್ತಿತ್ತು. ಎರಡೂ ಬೂಷ್ಟೇ! ನಮ್ಮಪ್ಪನಿಗೂ ಥೇಟ್ ಇದೇ ಕಾಯಿಲೆ. ಚಿಕ್ಕವರಿದ್ದಾಗ ಇಬ್ಬರೂ ಒಂದೇ ಚಾಪೆ, ಒಂದೇ ಟವೆಲಿನಲ್ಲಿ ಬೆಳೆದವರು. ಆದ್ದರಿಂದ ಚಿಕ್ಕಪ್ಪನ ತೀರ್ಪು ಏನೆಂದರೆ, ಅಣ್ಣ ಕೊಳಕ, ತನಗೆ ಅಂಟಿಸಿದ. ಅಪ್ಪನ ತೀರ್ಪೂ ಅದೇ, ಆರೋಪಿ ಮಾತ್ರ ಬೇರೆ!

ಅಪ್ಪ ಮದರಾಸಿಗೆ ಬಂದರೆ ಅವರಿಗೆ ಪ್ರತ್ಯೇಕ ಬಕೆಟ್ಟು, ಪ್ರತ್ಯೇಕ ಚೊಂಬು, ಪ್ರತ್ಯೇಕ ಕಾಲೊರಸು. ಒಂದು ಸಲ ಊಟಕ್ಕೆ ಕೂತಾಗ ಚಿಕ್ಕಪ್ಪ ತಮ್ಮ ಎಲೆಯನ್ನು ಮೆಲ್ಲಗೆ ಎರಡಡಿ ಆಚೆ ಎಳೆದುಕೊಂಡರಂತೆ. ಅಪ್ಪ ಸಾರನ್ನದಲ್ಲೇ ಎದ್ದು ಕೈತೊಳೆದವರು ಆ ಮನೆಯ ಹೊಸಿಲು ಮತ್ತೆ ತುಳಿಯಲಿಲ್ಲ. ಆಮೇಲಿನ ಎಂಟು ವರ್ಷ ಅಣ್ಣತಮ್ಮಂದಿರ ಮಾತೆಲ್ಲ ನನ್ನ ಮೂಲಕವೇ. ನಾನು ಮಗಳೋ, ಟೆಲಿಫೋನ್ ಎಕ್ಸ್‌ಚೇಂಜೋ?

ನಾನೂ ನನ್ನ ಗಂಡನೂ ಮದರಾಸಿನ ವೇಲಚೇರಿಯಲ್ಲಿ ಫ್ಲಾಟು ಕೊಂಡಾಗ, ಶಾಪಿಂಗ್ ಮಾಲ್‌ಗಳಿನ್ನೂ ಆ ಕಡೆ ತಲೆಹಾಕಿರಲಿಲ್ಲ, ಗೃಹಪ್ರವೇಶಕ್ಕೆ ಬಂದ ಚಿಕ್ಕಪ್ಪ ದೇವರಿಗೆ ಕೈಮುಗಿಯುವ ಮೊದಲು ಗೋಡೆ ಮೂಸಿದರು. ಬಚ್ಚಲಿನ ಮೂಲೆಯನ್ನು ಟಾರ್ಚ್ ಬಿಟ್ಟು ನೋಡಿದರು. ಅಡುಗೆಮನೆಯಲ್ಲಿ ನಿಂಬೆ ಉಪ್ಪಿನಕಾಯಿಯ ಭರಣಿ ತೆರೆದವರೇ ಕೂಗಿಕೊಂಡರು.

"ಎನ್ನಮ್ಮಾ ಇದು? ಮೇಲೆಲ್ಲ ಬೆಳ್ಳಗೆ! ಯಾರು ಕಳಿಸಿದ್ದು?"

"ಅಪ್ಪ."

"ಅಪ್ಪಡಿ! ಹಾಗೆ ಹೇಳು! ಮೈಸೂರಿಂದ ಪಾರ್ಸಲ್ ಮಾಡಿ ಕಳಿಸ್ತಿದ್ದಾನೆ ನೋಡು, ಬೂಷ್ಟನ್ನ!"

ನಾನು ಬಾಯಿ ತೆರೆಯುವಷ್ಟರಲ್ಲಿ ಭರಣಿ ಕಸದ ಬುಟ್ಟಿಯಲ್ಲಿ ಖಾಲಿಯಾಗಿತ್ತು. ಆ ಬೆಳ್ಳಗಿನದು ಉಪ್ಪು! ಅಪ್ಪ ಮೇಲೊಂದು ಪದರ ಕಲ್ಲುಪ್ಪು ಪುಡಿಮಾಡಿ ಉದುರಿಸಿ ಕಳಿಸಿದ್ದರು, ಬೂಷ್ಟು ಬರಬಾರದೆಂದು.

ಹೀಗೆ ನಗುತ್ತಾ, ಗೊಣಗುತ್ತಾ ವರ್ಷಗಳು ಕಳೆದವು. ಆದರೆ ನನ್ನ ಮಗಳು ಅದಿತಿಗೆ ಒಂಬತ್ತು ತುಂಬುವಷ್ಟರಲ್ಲಿ ಅವಳ ನಾಲಿಗೆಯ ಮೇಲೂ ಮೊಸರು ಕಟ್ಟಿತು. ಮುಲಾಮು ಹಚ್ಚಿದರೆ ಹೋಗುತ್ತಿತ್ತು, ಬಿಟ್ಟರೆ ಬರುತ್ತಿತ್ತು. ಆಮೇಲೆ ಕೈಯ ಉಗುರುಗಳು ಒಂದೊಂದಾಗಿ ದಪ್ಪಗಾದವು. ಸುದ್ದಿ ತಿಳಿದು ಚಿಕ್ಕಪ್ಪ ಮೂರು ಬಸ್ಸು ಬದಲಾಯಿಸಿ ಓಡಿಬಂದರು. ಬಾಗಿಲಲ್ಲೇ ವಿಚಾರಣೆ.

"ಅದಿತಿ ಕಣ್ಣಾ, ಯಾರ ಟವೆಲ್ ಉಪಯೋಗಿಸ್ದೆ? ಮೈಸೂರು ತಾತಂದಾ?"

"ತಾತಾವೈ ಪಾತ್ತೇ ಒರು ವರುಷಮಾಚ್ಚು" ಎಂದಳು ಅವಳು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲೇ ಉತ್ತರ ಕೊಡುವ ಮಗು. ತಾತನನ್ನು ನೋಡಿಯೇ ವರ್ಷವಾಯಿತು ಎಂದರೆ ಟವೆಲಿನ ಮಾತೆಲ್ಲಿ? ಇನ್‌ಸ್ಪೆಕ್ಟರರ ಮೊದಲ ಸಾಕ್ಷಿಯೇ ಬಿದ್ದುಹೋಯಿತು!

"ಹಾಗಾದ್ರೆ ನಿನ್ನ ಬಚ್ಚಲೇ ಸರಿಯಿಲ್ಲ" ಎಂದು ನನ್ನ ಕಡೆ ತಿರುಗಿದರು. ನನಗೂ ರೇಗಿತು. "ಬಚ್ಚಲಲ್ಲ ಚಿಕ್ಕಪ್ಪ. ಶಾಲೇಲಿ ಪಕ್ಕದ ಹುಡುಗಿಯರು ಇವಳ ಜೊತೆ ಊಟಕ್ಕೆ ಕೂರಲ್ಲ ಅಂತಾರೆ. ಡಬ್ಬಿ ತೆಗೆಯದೆ ಹಾಗೇ ವಾಪಸ್ ತರ್ತಾಳೆ. ಅದಕ್ಕೇನು ಮಾಡ್ಲಿ ಹೇಳಿ."

ಚಿಕ್ಕಪ್ಪ ಮಗುವಿನ ಕೈ ನೋಡಿದರು. ಉಗುರು ಕಾಣಬಾರದೆಂದು ಅವಳು ಎರಡೂ ಕೈ ಮುಷ್ಟಿ ಕಟ್ಟಿ ಫ್ರಾಕಿನ ಮಡಿಕೆಯಲ್ಲಿ ಇಟ್ಟುಕೊಂಡಿದ್ದಳು. ಅವರು ಕಾಫಿಯನ್ನೂ ಕುಡಿಯಲಿಲ್ಲ. ಡಾಕ್ಟರ ಬಳಿ ಹೋಗುವಾಗ ತಾವೂ ಬರುವುದಾಗಿ ಹೇಳಿ ಹೊರಟರು.

ಡಾಕ್ಟರು ನಡುವಯಸ್ಸಿನ ಹೆಂಗಸು. ಮಗುವನ್ನು ನೋಡಿ, ಮನೆಯಲ್ಲಿ ಇನ್ನು ಯಾರಿಗಿದೆ ಎಂದು ತಮಿಳಿನಲ್ಲಿ ಕೇಳಿದರು. ಚಿಕ್ಕಪ್ಪ ತಕ್ಷಣ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು, "ಮೇಡಂ, ನಾನು ರೊಂಬ ಕ್ಲೀನು" ಎಂದರು. ಕೇಳದ ಪ್ರಶ್ನೆಗೆ ಉತ್ತರ! ಡಾಕ್ಟರು ಸಾಕ್ಸು ಬಿಚ್ಚಿಸಿದರು. ಇಸ್ತ್ರಿಯ ಗೆರೆ ಮುರಿಯದ ಸಾಕ್ಸಿನೊಳಗಿಂದ ಆ ಉಗುರುಗಳು ಹೊರಬಂದವು.

ಆಮೇಲೆ ಡಾಕ್ಟರು ಒಂದು ಹಾಳೆಯಲ್ಲಿ ನಮ್ಮ ವಂಶವೃಕ್ಷವನ್ನು ಬರೆದರು. ಅಜ್ಜ ತನ್ನ ಅಕ್ಕನ ಮಗಳನ್ನೇ ಮದುವೆಯಾದದ್ದು, ನಾನು ಸೋದರತ್ತೆಯ ಮಗನನ್ನು ಮದುವೆಯಾದದ್ದು ಎಲ್ಲ ಕೇಳಿ ತಿಳಿದುಕೊಂಡರು. ಸುತ್ತಿ ಸುತ್ತಿ ಗೆರೆಗಳು ಜಡೆ ಹೆಣೆದಂತಾದವು.

"ಬೂಷ್ಟು ಎಲ್ಲರ ಮೈಮೇಲೂ ಇರುತ್ತೆ" ಎಂದರು ಅವರು. "ಮೈಯೊಳಗಿನ ಕಾವಲುಗಾರ ಕಣಗಳು ಅದನ್ನು ಗುರುತು ಹಿಡಿದು ಒಳಗೆ ಸುದ್ದಿ ಮುಟ್ಟಿಸಬೇಕು. ಆಗ ದಂಡು ಬಂದು ಓಡಿಸುತ್ತೆ. ಆ ಸುದ್ದಿ ಮುಟ್ಟಿಸೋ ಜೀನಿನಲ್ಲಿ ನಿಮ್ಮ ಮನೆತನದಲ್ಲಿ ಒಂದು ಅಕ್ಷರ ತಪ್ಪಿರಬಹುದು ಅಂತ ನನಗೆ ಅನುಮಾನ. ಪ್ರತಿಯೊಬ್ಬರಿಗೂ ಆ ಜೀನಿನ ಎರಡು ಪ್ರತಿ ಇರುತ್ತೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಸರಿಯಿದ್ದರೂ ಸಾಕು, ಕೆಲಸ ನಡೆಯುತ್ತೆ. ಎರಡೂ ತಪ್ಪಾದವರಿಗೆ ಮಾತ್ರ ಈ ಪಾಡು. ಬೇರೆ ರೋಗಗಳನ್ನು ಇವರು ಚೆನ್ನಾಗೇ ತಡೀತಾರೆ, ಬೂಷ್ಟಿನ ಮುಂದೆ ಮಾತ್ರ ಸೋಲು. ಹಾಗಂತ ಸದರ ಮಾಡಬೇಡಿ. ಅಪರೂಪಕ್ಕೆ ಕೆಲವರಲ್ಲಿ ಇದು ಮಿದುಳಿನವರೆಗೂ ಹರಡುತ್ತೆ. ಮೂವರ ರಕ್ತವೂ ಬೇಕು, ಮಗುವಿನ ತಂದೆತಾಯಿಯದೂ. ಅಣ್ಣನವರನ್ನೂ ಕರೆಸಿ."

ಚಿಕ್ಕಪ್ಪ ಆ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಅಂದ್ರೆ, ಅಣ್ಣ ನನಗೆ ಅಂಟಿಸಿದ್ದಲ್ವಾ?"

"ಇಲ್ಲ ಸಾರ್. ಹುಟ್ಟುವಾಗಲೇ ಇಬ್ಬರೂ ಒಂದೇ ತರಹ ಬಂದಿದ್ದೀರಿ."

"ನಾನು ಇಷ್ಟು ತೊಳೆದದ್ದು, ಒಣಗಿಸಿದ್ದು?"

"ಒಣಗಿಸಿದ್ದು ಒಳ್ಳೇದೇ. ಆದರೆ ಕೊಳಕಿನಿಂದ ಬಂದದ್ದಲ್ಲ, ತೊಳೆದರೆ ಹೋಗೋದೂ ಅಲ್ಲ."

ಮನೆಗೆ ಬಂದು ಅಪ್ಪನಿಗೆ ಫೋನು ಮಾಡಲು ಕೂತೆ. ಎಕ್ಸ್‌ಚೇಂಜಿನ ಡ್ಯೂಟಿ! ಚಿಕ್ಕಪ್ಪ ಬಂದು ರಿಸೀವರ್ ಕಿತ್ತುಕೊಂಡರು. ಎಂಟು ವರ್ಷದ ಮೇಲಿನ ಮೊದಲ ಮಾತು. ಏನು ಹೇಳಬೇಕೋ ತೋಚದೆ, ನಮಸ್ಕಾರವೂ ಇಲ್ಲದೆ, "ಅಣ್ಣಾ, ನಿನ್ನ ರಕ್ತ ಬೇಕಾಗಿದೆ" ಎಂದುಬಿಟ್ಟರು!

ಅಪ್ಪನ ದನಿ ನಾನು ಕೂತಲ್ಲಿಗೇ ಕೇಳಿಸಿತು. "ಇಷ್ಟು ವರ್ಷ ಕುಡಿದದ್ದು ಸಾಲ್ದೇನೋ?"

ಚಿಕ್ಕಪ್ಪ ತಿರುಗಿ ಜಗಳ ಆಡಲಿಲ್ಲ. ಮಗುವಿನ ವಿಷಯ ಹೇಳಿದರು. ಡಾಕ್ಟರು ಹೇಳಿದ್ದನ್ನು ತಡವರಿಸುತ್ತಾ ಒಪ್ಪಿಸಿದರು. ಕೊನೆಗೆ, "ತಪ್ಪು ನಿಂದಲ್ಲ ಅಣ್ಣ" ಎಂದರು. ಆ ಕಡೆಯಿಂದ "ನಾಳೆ ಹೊರಡ್ತೀನಿ" ಎಂಬುದಷ್ಟೇ ಕೇಳಿಸಿತು.

ಸೆಂಟ್ರಲ್ ಸ್ಟೇಷನ್ನಿಗೆ ಚಿಕ್ಕಪ್ಪನೇ ಹೋದರು. ಅಪ್ಪನ ಚೀಲವನ್ನು ತಾವೇ ಹೊತ್ತು ತಂದರು. ದಾರಿಯುದ್ದಕ್ಕೂ ಏನು ಮಾತಾಡಿದಿರಿ ಎಂದು ಕೇಳಿದರೆ, "ಟ್ರಾಫಿಕ್ ಜಾಸ್ತಿ ಅಂತ ಮಾತಾಡಿದ್ವಿ" ಎಂದರು ಅಪ್ಪ. ಎಂಟು ವರ್ಷ ಕೂಡಿಟ್ಟ ಮಾತು!

ರಕ್ತ ಯಾವುದೋ ದೂರದ ಪ್ರಯೋಗಾಲಯಕ್ಕೆ ಹೋಗಿ ತಿಂಗಳುಗಳ ಮೇಲೆ ಉತ್ತರ ಬಂತು. ಮೂವರಲ್ಲೂ ಅದೇ ಜೀನು, ಅದೇ ಜಾಗ, ಅದೇ ತಪ್ಪು. ನನ್ನಲ್ಲೂ ನನ್ನ ಗಂಡನಲ್ಲೂ ಒಂದೊಂದು ತಪ್ಪು ಪ್ರತಿ ಅಡಗಿ ಕೂತಿತ್ತು. ಜೀನನ್ನು ತಿದ್ದುವ ಔಷಧಿಯಿಲ್ಲ. ಬೂಷ್ಟನ್ನು ಹಿಡಿತದಲ್ಲಿಡುವ ಗುಳಿಗೆಗಳಿವೆ, ಆಗಾಗ ರಕ್ತಪರೀಕ್ಷೆ, ಎಷ್ಟು ವರ್ಷವೋ ಗೊತ್ತಿಲ್ಲ. ಅದಿತಿಯ ಬಾಯಿ ಮೊದಲು ಸರಿಹೋಯಿತು. ಉಗುರಿನ ಬುಡದಲ್ಲಿ ತೆಳ್ಳಗೆ, ಗುಲಾಬಿ ಬಣ್ಣದ ಹೊಸ ಉಗುರು ಇಣುಕಿತು. ಶಾಲೆಗೆ ಡಾಕ್ಟರ ಚೀಟಿ ಕೊಟ್ಟು ನಾನು, ಚಿಕ್ಕಪ್ಪ ಇಬ್ಬರೂ ಹೋಗಿ ಟೀಚರಿಗೆ ಬಿಡಿಸಿ ಹೇಳಿಬಂದೆವು. ಚಿಕ್ಕಪ್ಪ ತಮಿಳಿನಲ್ಲಿ ಮುಕ್ಕಾಲು ಗಂಟೆ ಭಾಷಣ ಮಾಡಿದರು. ಆ ಟೀಚರು ಈಗಲೂ ನನ್ನನ್ನು ಕಂಡರೆ ಬೇರೆ ಬಾಗಿಲಿನಿಂದ ಹೋಗುತ್ತಾರೆ.

ಗುಳಿಗೆ ನಾಟಬೇಕಾದರೆ ದಪ್ಪ ಉಗುರನ್ನು ವಾರವಾರವೂ ಉಜ್ಜಿ ತೆಳ್ಳಗೆ ಮಾಡಬೇಕು ಎಂದಿದ್ದರು ಡಾಕ್ಟರು. ನಮ್ಮಲ್ಲೇ ಉಳಿದಿದ್ದ ಅಪ್ಪನಿಗೆ ಮಂಡಿನೋವು, ಬಗ್ಗಲಾಗದು. ಒಂದು ಭಾನುವಾರ ಬೆಳಿಗ್ಗೆ ನಾನು ತಿಂಡಿಗೆ ಕರೆಯಲು ಹಾಲಿಗೆ ಬಂದರೆ ಅಪ್ಪ ಕುರ್ಚಿಯಲ್ಲಿ ಕೂತಿದ್ದರು. ಚಿಕ್ಕಪ್ಪ ನೆಲದ ಮೇಲೆ ಚಕ್ಕಂಬಟ್ಟಲು ಹಾಕಿ ಕೂತು, ಅಣ್ಣನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಬರಿಗೈಯಲ್ಲಿ ಒಂದೊಂದೇ ಬೆರಳನ್ನು ಹಿಡಿದು ಅರದಿಂದ ಉಜ್ಜುತ್ತಿದ್ದರು. ನನ್ನ ನಾಲಿಗೆಯ ತುದಿಗೆ ಎಂದಿನಂತೆ ಒಂದು ಕುಚೋದ್ಯದ ಮಾತು ಬಂತು. ನುಂಗಿಕೊಂಡೆ.

"ನೋಯತ್ತಾ ಅಣ್ಣ?"

"ಇಲ್ಲ ಕಣೋ" ಎಂದರು ಅಪ್ಪ. ಅವರ ಕಣ್ಣು ತುಂಬಿತ್ತು.

ಚಿಕ್ಕಪ್ಪ ತಲೆಯೆತ್ತಿ ಅದನ್ನು ನೋಡಿದರು. ನೋವಿಗೇ ಎಂದುಕೊಂಡರೋ ಏನೋ, ತಲೆತಗ್ಗಿಸಿ ಇನ್ನಷ್ಟು ಮೆಲ್ಲಗೆ ಉಜ್ಜತೊಡಗಿದರು.